ಅತ್ತೆ ಕೂತರೆ ಕಣ್ಣು ಬಿಡುವ ಕ್ಯಾಮೆರಾ

ಮಾರ್ಚ್ ೩, ಸೋಮವಾರ

ಮೂವತ್ತು ವರ್ಷ ಲೈಬ್ರರಿಯಲ್ಲಿ ಕೂತು ಊರಿನವರಿಗೆಲ್ಲ ‘ಶ್’ ಅಂದವಳು ನಾನು. ನಿವೃತ್ತಿಯಾದ ಮೇಲೆ ಮಗಳ ಮನೆಗೆ ಬಂದು ಕೂತರೆ ಮುಂದಿನ ಕೋಣೆಯಲ್ಲಿ ಡ್ರೋನು! ಸದ್ದು ಅಂದರೆ ಸದ್ದು. ಊರಿನ ಜೀರುಂಡೆಗಳನ್ನೆಲ್ಲ ಒಂದು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದ ಹಾಗೆ. ‘ಶ್’ ಅಂದೆ. ಅದು ಕೇಳಲಿಲ್ಲ. ಅದರ ಯಜಮಾನರಾದ ಅಳಿಯಂದಿರೂ ಕೇಳಲಿಲ್ಲ, ಕಿವಿಗೆ ಹತ್ತಿ ತುರುಕಿಕೊಂಡಿದ್ದರು.

ಮಗಳು ನಾಲ್ಕು ವಾರದ ತರಬೇತಿಗೆಂದು ಬೆಳಿಗ್ಗೆ ಹೊರಟಳು. ಫಿಸಿಯೋಥೆರಪಿಯಲ್ಲಿ ಅದೇನೋ ಹೊಸ ವಿಧಾನವಂತೆ. ಹೋಗುವ ಮುಂಚೆ ನನ್ನ ಎರಡೂ ಕೈ ಹಿಡಿದು, “ಅಮ್ಮಾ, ಮನೆ ನೋಡ್ಕೋ. ಅವರಿಗೆ ಒಲೆ ಮೇಲೆ ಹಾಲಿಟ್ಟಿದ್ದು ಜ್ಞಾಪಕ ಇರಲ್ಲ. ಹೋದ ಸಲ ಪಾತ್ರೆ ತಳವೇ ಕಿತ್ಕೊಂಡು ಬಂತು. ಮತ್ತೆ... ಜಗಳ ಆಡ್ಬೇಡ,” ಅಂದಳು.

“ನಾನ್ಯಾವಾಗ ಜಗಳ ಆಡಿದ್ದೀನೇ?”

ಅವಳು ಚೀಲ ಎತ್ತಿಕೊಂಡಳು.

ಅಳಿಯ ಮಹಾಶಯರು ಎಂಜಿನಿಯರಿಂಗ್ ಓದಿದವರು. ಇದ್ದ ಕೆಲಸ ಬಿಟ್ಟು ಮನೆಯಲ್ಲೇ ಡ್ರೋನು ಕಟ್ಟುತ್ತ ಕೂತಿದ್ದಾರೆ. ಗುಡಿಸಿದರೆ ಸ್ಕ್ರೂ, ಒರೆಸಿದರೆ ತಂತಿಯ ಚೂರು. ಹೋದ ತಿಂಗಳು ನಾನೇ ಮುಂದೆ ನಿಂತು ಒಂದು ತೀರ್ಮಾನ ಮಾಡಿಸಿದ್ದೇನೆ. ಈ ತಿಂಗಳ ಇಪ್ಪತ್ತೆಂಟಕ್ಕೆ ಅಗ್ನಿಶಾಮಕ ಠಾಣೆಯವರ ಮುಂದೆ ಇದನ್ನು ಹಾರಿಸಿ ತೋರಿಸಬೇಕು. ಅವರು ಒಪ್ಪಿದರೆ ಸರಿ. ಒಪ್ಪದಿದ್ದರೆ ಈ ಕೋಣೆಗೆ ಬೀಗ ಹಾಕಿ, ಒಂದನೇ ತಾರೀಕು ನನ್ನ ತಮ್ಮನ ಲಿಫ್ಟ್ ಕಂಪನಿಗೆ ಸೇರಬೇಕು. ತಮ್ಮ ಅಲ್ಲಿ ಮ್ಯಾನೇಜರು, ಕುರ್ಚಿ ಖಾಲಿ ಇಟ್ಟುಕೊಂಡು ಕಾಯುತ್ತಿದ್ದಾನೆ. ಮೇಲೆ ಹೋಗಿ ಕೆಳಗೆ ಬರುವುದು ಲಿಫ್ಟೂ ಮಾಡುತ್ತದೆ. ಜೊತೆಗೆ ಪಿಂಚಣಿ ಬೇರೆ.

ಇದನ್ನು ನನ್ನ ದೀಪದ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ನಿವೃತ್ತಿಯ ದಿನ ಲೈಬ್ರರಿಯವರು ಕೊಟ್ಟ ಪುಟ್ಟ ದೀಪ. ಬೇಕಾದ ಕಡೆ ಬಗ್ಗುವ ಲೋಹದ ಕತ್ತು, ಬುಡದಲ್ಲಿ ಹಲ್ಲಿರುವ ಗಟ್ಟಿ ಕ್ಲಿಪ್ಪು, ಫೋನಿನ ಚಾರ್ಜರಿಗೂ ಸಿಕ್ಕಿಸಬಹುದಾದ ಯುಎಸ್‌ಬಿ ವೈರು. ಇದೊಂದನ್ನು ಮಾತ್ರ ನಾನು ಯಾರಿಗೂ ಕೊಡುವುದಿಲ್ಲ.

ಮಾರ್ಚ್ ೪, ಮಂಗಳವಾರ

ಕಾಫಿ ಕೊಡಲು ಹೋದಾಗ ಡ್ರೋನನ್ನು ಹತ್ತಿರದಿಂದ ನೋಡಿದೆ. ನಾಲ್ಕು ರೆಕ್ಕೆ, ನಾಲ್ಕು ಕಾಲು, ನಡುವೆ ಒಂದು ಅಲ್ಯೂಮಿನಿಯಂ ತಟ್ಟೆ. ಹಳೇ ಸ್ಟೌವಿನ ಅಡಿಯಲ್ಲಿ ಇರುತ್ತದಲ್ಲ, ಥೇಟ್ ಹಾಗೇ.

“ಹೇಗಿದೆ ಅತ್ತೆ?” ಅಂತ ಕೇಳಿದರು.

ಕೇಳಬಾರದಿತ್ತು. “ಠಾಣೆಯವರು ಇದನ್ನ ಗುಜರಿ ಅಂದ್ಕೋತಾರೆ. ಒಂದು ಒಳ್ಳೇ ಬಣ್ಣನಾದ್ರೂ ಬಳೀರಿ. ಬೆಂಕಿ ಆರಿಸೋರಿಗೆ ಕಿತ್ತಳೆ ಬಣ್ಣ ಹಿಡಿಸುತ್ತೆ,” ಅಂದೆ.

ಸುಮ್ಮನೆ ಬಾಯಿಗೆ ಬಂದದ್ದು. ಸಂಜೆ ನೋಡಿದರೆ ತಟ್ಟೆಗೆ ಎರಡೂ ಕಡೆ ದಪ್ಪಗೆ ಕಿತ್ತಳೆ ಬಣ್ಣ ಬಳಿದು ಕಿಟಕಿಗೆ ಒರಗಿಸಿ ಒಣಗಲು ಇಟ್ಟಿದ್ದರು. ನನ್ನ ಯಾವ ಮಾತೂ ನಡೆಯದ ಮನೆಯಲ್ಲಿ ಇದೊಂದು ನಡೆಯಿತು.

ಮಾರ್ಚ್ ೬, ಗುರುವಾರ

ಡಬ್ಬಿಯಲ್ಲಿ ಕ್ಯಾಮೆರಾ ಬಂತು. ಇದು ಬಿಸಿಯನ್ನು ನೋಡುವ ಕ್ಯಾಮೆರಾ ಅಂತೆ. ಮೇಲಿನಿಂದ ನೋಡಿ, ಮಾಡಿನ ಕೆಳಗೆ ಬೆಂಕಿ ಎಲ್ಲಿದೆ ಅಂತ ಹೇಳುತ್ತದೆ. ನನ್ನ ಕಡೆ ತಿರುಗಿಸಿದರು. ಪರದೆಯಲ್ಲಿ ನನ್ನ ಮುಖ ಕೆಂಡದ ಹಾಗೆ ಕೆಂಪಗಿತ್ತು.

“ಕೋಪ ಬಂದಾಗ ಇನ್ನೂ ಕೆಂಪಾಗುತ್ತಾ?” ಅಂದೆ.

“ನೋಡಿಲ್ಲ ಅತ್ತೆ,” ಅಂದರು, ಬಹಳ ವಿನಯದಿಂದ. ಈ ವಿನಯವೇ ನನಗಾಗದು.

ಮಾರ್ಚ್ ೧೦, ಸೋಮವಾರ

ಕ್ಯಾಮೆರಾ ಕೈಕೊಟ್ಟಿತು.

ಡ್ರೋನು ಹಾರದ ಹಾಗೆ ಕಾಲಿಗೆ ಮರಳಿನ ಚೀಲ ಕಟ್ಟಿ, ಸುತ್ತ ತಂತಿ ಬಲೆ ನಿಲ್ಲಿಸಿ, ಮೋಟರ್ ಓಡಿಸಿ ನೋಡುತ್ತಾರೆ. ನಿಧಾನವಾಗಿ ತಿರುಗುವಾಗ ಪರದೆಯಲ್ಲಿ ಚಿತ್ರ ಚೆನ್ನಾಗಿಯೇ ಬರುತ್ತದೆ. ಮೋಟರ್ ಜೋರು ಮಾಡಿದರೋ, ಚಿತ್ರ ಮಾಯ. ನಿಲ್ಲಿಸಿದರೆ ಮತ್ತೆ ಬರುತ್ತದೆ. ಅಂದರೆ ನೆಲದ ಮೇಲೆ ಇರುವಾಗ ಕಣ್ಣು ಕಾಣುತ್ತದೆ, ಮೇಲೆ ಹಾರಿದರೆ ಕುರುಡು. ಎಂಥ ಅನುಕೂಲ!

ಪಾಪ ಅನ್ನಿಸಬೇಕಿತ್ತು. ನಿಜ ಹೇಳುತ್ತೇನೆ, ಲಿಫ್ಟ್ ಕಂಪನಿಯ ಕುರ್ಚಿ ಕಣ್ಣ ಮುಂದೆ ಬಂತು. ಊಟ ಚೆನ್ನಾಗಿ ಸೇರಿತು.

ಮಾರ್ಚ್ ೧೧, ಮಂಗಳವಾರ

ಕೇಬಲ್ ಬದಲಾಯಿಸಿದರು. ಚಿತ್ರ ಮಾಯ. ಇನ್ನೂ ಗಿಡ್ಡ ಕೇಬಲ್ ಹಾಕಿದರು, ಮಾಯ. ಕೇಬಲ್ಲಿಗೆ ಕಪ್ಪು ಉಂಗುರ ತೊಡಿಸಿದರು, ಮಾಯ. ಅಡುಗೆಮನೆಯಿಂದ ನನ್ನ ಅಲ್ಯೂಮಿನಿಯಂ ಫಾಯಿಲ್ ಇಡೀ ಸುರುಳಿ ತೆಗೆದುಕೊಂಡು ಹೋಗಿ ಕೇಬಲ್ಲಿಗೆ ಸುತ್ತಿದರು.

“ಏನಾಯ್ತು?” ಅಂತ ಕೇಳಿದೆ.

“ಫಾಯಿಲ್ ಮುಗೀತು ಅತ್ತೆ.”

ಮಾರ್ಚ್ ೧೨, ಬುಧವಾರ

ಬೆಳಿಗ್ಗೆ ಕಾಫಿ ಕುಡಿಯುತ್ತ, “ಇದು ಗ್ರೌಂಡ್ ಪ್ರಾಬ್ಲಂ ಇರ್ಬೇಕು ಅತ್ತೆ,” ಅಂದರು.

“ಹಾರೋದಕ್ಕೆ ನೆಲದ ತೊಂದರೆ ಹೇಗ್ರೀ ಬರುತ್ತೆ? ಹಾಗಿದ್ರೆ ಪೆಟ್ರೋಲ್ ಟ್ಯಾಂಕರಿಗೆ ಇಳಿಬಿಡ್ತಾರಲ್ಲ, ಹಾಗೆ ಒಂದು ಸರಪಳಿ ಇಳಿಬಿಡಿ,” ಅಂದೆ.

ನಗಲಿಲ್ಲ. ಕೂತು ವಿವರಿಸಿದರು. ಗ್ರೌಂಡ್ ಅಂದರೆ ನೆಲವಲ್ಲವಂತೆ. ಬ್ಯಾಟರಿಯಿಂದ ಹೊರಟ ಕರೆಂಟು ಕೆಲಸ ಮುಗಿಸಿ ಬ್ಯಾಟರಿಗೇ ವಾಪಸ್ ಬರಬೇಕು, ಬರುವ ದಾರಿಗೆ ಗ್ರೌಂಡ್ ಅನ್ನುತ್ತಾರಂತೆ. ಕ್ಯಾಮೆರಾ ನೇರವಾಗಿ ಡ್ರೋನಿನ ಪುಟ್ಟ ಕಂಪ್ಯೂಟರಿಗೆ ಸಿಕ್ಕುವುದಿಲ್ಲ, ನಡುವೆ ‘ಹಬ್’ ಅಂತ ಒಂದು ಪೆಟ್ಟಿಗೆ ಇದೆ. ಒಂದು ಯುಎಸ್‌ಬಿ ಕಿಂಡಿಯನ್ನು ನಾಲ್ಕು ಮಾಡುವಂಥದ್ದು. ಆ ಹಬ್‌ನಿಂದ ವಾಪಸ್ ಬರುವ ದಾರಿ ಎಲ್ಲೋ ಇಕ್ಕಟ್ಟಾಗಿದೆ ಅನ್ನುವುದು ಅವರ ಅನುಮಾನ.

ಇದು ನನಗೆ ಚೆನ್ನಾಗಿ ಅರ್ಥವಾಯಿತು. ಪುಸ್ತಕ ಕೊಡುವ ಕೌಂಟರು ತೆರೆದಿದೆ, ವಾಪಸ್ ತೆಗೆದುಕೊಳ್ಳುವ ಕೌಂಟರು ಮುಚ್ಚಿದೆ. ಜನ ಪುಸ್ತಕ ಹಿಡಿದು ಕಿಟಕಿಯಿಂದ ನುಗ್ಗುತ್ತಾರೆ. ಪರೀಕ್ಷೆ ಹತ್ತಿರ ಬಂದು ಜನ ಹೆಚ್ಚಾದರೆ ಕಿಟಕಿಯೇ ಮುರಿಯುತ್ತದೆ. ಹೇಳಿದೆ.

“ಅತ್ತೆ, ಇದಕ್ಕಿಂತ ಚೆನ್ನಾಗಿ ನನ್ನ ಪ್ರೊಫೆಸರೂ ಹೇಳಿರ್ಲಿಲ್ಲ,” ಅಂದರು.

ಹೊಗಳಿಕೆಗೆ ಕರಗುವವಳಲ್ಲ ನಾನು. ಆದರೂ ಬರೆದಿಟ್ಟಿದ್ದೇನೆ.

“ಆ ದಾರಿ ಸರಿ ಇದೆಯಾ ಅಂತ ಮೀಟರ್ ಇಟ್ಟು ನೋಡಿದ್ರಾ?”

“ನೋಡ್ದೆ. ಬೀಪ್ ಅನ್ನುತ್ತೆ. ಸರಿ ಇದೆ ಅಂತಲೇ ತೋರಿಸುತ್ತೆ.”

ಮಾರ್ಚ್ ೧೪, ಶುಕ್ರವಾರ

ನನಗೂ ಕೆಲಸ ಸಿಕ್ಕಿತು. ಹಬ್‌ನ ಮೇಲೆ ಒಂದು ಸಣ್ಣ ಹಸಿರು ದೀಪವಿದೆ. ಅದು ಆರಿದ ತಕ್ಷಣ “ಹೋಯ್ತು” ಅನ್ನಬೇಕು. ಅಳಿಯನಿಗೆ ಮೋಟರಿನ ಕಡೆ ಕಣ್ಣು, ಎರಡೂ ಕಡೆ ನೋಡಲಾಗುವುದಿಲ್ಲವಂತೆ.

ಆ ಹಬ್ ಆದರೋ ಡ್ರೋನಿನ ಹೊಟ್ಟೆಯಡಿ ಕತ್ತಲಲ್ಲಿ ಕೂತಿದೆ. ನನ್ನ ಕಣ್ಣಿಗೆ ಎಲ್ಲಿ ಕಾಣಬೇಕು? ಒಳಗಿನಿಂದ ನನ್ನ ದೀಪ ತಂದೆ. ಕ್ಲಿಪ್ಪನ್ನು ಕಿತ್ತಳೆ ತಟ್ಟೆಯ ಅಂಚಿಗೆ ಕಚ್ಚಿಸಿದೆ. ವೈರನ್ನು ಎಲ್ಲಿ ಸಿಕ್ಕಿಸಲಿ ಅಂತ ನೋಡಿದರೆ ಹಬ್‌ನಲ್ಲೇ ಒಂದು ಕಿಂಡಿ ಖಾಲಿ ಇತ್ತು, ಅಲ್ಲೇ ಸಿಕ್ಕಿಸಿದೆ. ಅಳಿಯ ಬಾಯಿ ತೆರೆದರು, ಮುಚ್ಚಿದರು. “ಅದು ಹಬ್‌ಗೆ ಇನ್ನೂ ಕರೆಂಟಿನ ಭಾರ ಆಗುತ್ತೆ ಅತ್ತೆ... ಇರ್ಲಿ ಬಿಡಿ. ಭಾರಕ್ಕೆ ಬೇಗ ಹೋದ್ರೂ ಒಳ್ಳೇದೇ, ಹುಡುಕೋಕೆ ಸುಲಭ,” ಅಂದರು.

ಮೋಟರ್ ಓಡಿಸಿದರು. ಜೋರು ಮಾಡಿದರು. ಇನ್ನೂ ಜೋರು ಮಾಡಿದರು. ಗೋಡೆಯ ಕ್ಯಾಲೆಂಡರ್ ಹಾರಿ ಬಿತ್ತು. ಹಸಿರು ದೀಪ ಆರಲೇ ಇಲ್ಲ! ಚಿತ್ರ ಕಲ್ಲಿನ ಹಾಗೆ ನಿಂತಿತ್ತು.

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅಳಿಯ ಖುಷಿಗೆ ಕಿವಿಯ ಹತ್ತಿ ಕಿತ್ತೆಸೆದರು. ನಾನು ದೀಪ ಮಡಚಿಕೊಂಡು ಒಳಗೆ ಬಂದೆ. ಹಾಗಾದರೆ ಲಿಫ್ಟ್ ಕಂಪನಿಯ ಗತಿ?

ಮಾರ್ಚ್ ೧೫, ಶನಿವಾರ

ನಾನು ಮಾರುಕಟ್ಟೆಗೆ ಹೋಗಿದ್ದಾಗ ಓಡಿಸಿದರಂತೆ. ಚಿತ್ರ ಮಾಯ. ನಾನು ಬಂದು ದೀಪ ಕಚ್ಚಿಸಿ ಕೂತೆ. ಕಲ್ಲಿನ ಹಾಗೆ ನಿಂತಿತು. ಎಂದಿನಂತೆ ದೀಪ ಬಿಚ್ಚಿಕೊಂಡು ಸ್ನಾನಕ್ಕೆ ಎದ್ದು ಹೋದೆ, ಮಾಯ. ತಲೆ ಒರೆಸಿಕೊಳ್ಳುತ್ತ ದೀಪ ತಂದು ಕೂತೆ, ಬಂತು.

ಅಳಿಯ ನನ್ನನ್ನು ಒಂಥರಾ ನೋಡುತ್ತಿದ್ದಾರೆ.

ಮಾರ್ಚ್ ೧೭, ಸೋಮವಾರ

ಬಹಳ ಹಿಂಜರಿದು ಬಂದು ನಿಂತರು. “ಅತ್ತೆ, ಇದು ವೈಜ್ಞಾನಿಕವಾಗಿ ಸರಿಯಲ್ಲ. ನನಗೆ ಇಂಥದ್ರಲ್ಲಿ ನಂಬಿಕೇನೂ ಇಲ್ಲ. ಆದ್ರೆ ನೀವು ಸ್ವಲ್ಪ ಇಲ್ಲೇ ಕೂತಿರ್ತೀರಾ?”

“ನಾನಿದ್ರೆ ನಡೆಯುತ್ತೆ ಅಂತಲಾ?”

“ನಾನು ಹಾಗನ್ಲಿಲ್ಲ. ಲೆಕ್ಕ ಹಾಗನ್ನುತ್ತೆ.”

ನಾನು ಮಧ್ಯಾಹ್ನ ಮಲಗಿದ್ದಾಗ ನನ್ನ ಶಾಲನ್ನು ಕುರ್ಚಿಗೆ ಹೊದಿಸಿ ನೋಡಿದರಂತೆ. ಆಗಲಿಲ್ಲ. ಶಾಲಿನ ಮೇಲೆ ಕನ್ನಡಕ ಇಟ್ಟರಂತೆ. ಆಗಲಿಲ್ಲ. ನಾನು ಎದ್ದು ಬಂದಾಗ ಕುರ್ಚಿಯ ಮುಂದೆ ನನ್ನ ಚಪ್ಪಲಿ ಜೋಡಿಸುತ್ತಿದ್ದರು. ಶಾಲು, ಕನ್ನಡಕ, ಚಪ್ಪಲಿ! ನಾನು ಸತ್ತ ಮೇಲೆ ಹೀಗೆ ಇಡುತ್ತಾರೇನೋ ಅನ್ನಿಸಿತು. “ಏನ್ರೀ ಇದು!” ಅಂದೆ.

“ಯಾವ ಭಾಗ ಬೇಕು ಅಂತ ನೋಡ್ತಿದ್ದೆ ಅತ್ತೆ,” ಅಂದರು. “ಪೂರ್ತಿನೇ ಬೇಕು ಅನ್ಸುತ್ತೆ.”

“ಹಾಗಿದ್ರೆ ಇಪ್ಪತ್ತೆಂಟಕ್ಕೆ ನನ್ನನ್ನೂ ಕಟ್ಟಿ ಹಾರಿಸ್ತೀರಾ?”

“ಅದು ಎರಡು ಕೆಜಿ ಮಾತ್ರ ಎತ್ತೋದು,” ಅಂದು, ಆಮೇಲೆ ನಾಲಿಗೆ ಕಚ್ಚಿಕೊಂಡರು.

ಒಳಗೆ ಬಂದು ಒಬ್ಬಳೇ ನಕ್ಕೆ. ನಕ್ಕಿದ್ದು ಅವರಿಗೆ ಕೇಳಿಸಿಲ್ಲ.

ಮಾರ್ಚ್ ೧೮, ಮಂಗಳವಾರ

ತಮ್ಮ ಫೋನ್ ಮಾಡಿದ್ದ. “ಏನಕ್ಕಾ, ಅಳಿಯಂದಿರು ಒಂದನೇ ತಾರೀಕು ಬರೋದು ಗ್ಯಾರಂಟಿ ತಾನೇ?”

“ಬರ್ತಾರೆ ಬರ್ತಾರೆ. ನಾನೀಗ ಕೆಲಸದಲ್ಲಿದ್ದೀನಿ, ಆಮೇಲೆ ಮಾತಾಡು,” ಅಂದು ಇಟ್ಟೆ.

ಕುರ್ಚಿಯಲ್ಲಿ ಕೂರುವುದೂ ಕೆಲಸವೇ. ಸೊಂಟ ನೋಯುತ್ತದೆ ಅಂದಿದ್ದಕ್ಕೆ ಅಳಿಯ ಹುಡುಗ ಎಲ್ಲಿಂದಲೋ ದಿಂಬು ತಂದು ಹಾಕಿದ.

ಮಾರ್ಚ್ ೨೦, ಗುರುವಾರ

ಇವತ್ತು ಹಿಂದಿನ ಬಯಲಿಗೆ ಹೋಗಿ ಡ್ರೋನನ್ನು (ನಾನಿಟ್ಟ ಹೆಸರು ಜೀರುಂಡೆ) ನಿಜವಾಗಿ ಹಾರಿಸಿದೆವು. ದೀಪ ಕಟ್ಟಿಕೊಂಡು ಹಾರಲಾಗುತ್ತದೆಯೇ, ಅದನ್ನು ಮನೆಯಲ್ಲೇ ಬಿಟ್ಟೆ. ನಾನು ಬಯಲಿನ ನಡುವೆ ಕುರ್ಚಿ ಹಾಕಿಕೊಂಡು, ನನ್ನ ಮಹಿಮೆಯನ್ನೆಲ್ಲ ಒಟ್ಟುಗೂಡಿಸಿ, ಆಕಾಶವನ್ನೇ ದಿಟ್ಟಿಸಿ ಕೂತೆ.

ಜೀರುಂಡೆ ಎದ್ದಿತು. ಚಿತ್ರ ಮಾಯ.

“ದೂರ ಜಾಸ್ತಿ ಆಯ್ತೇನೋ,” ಅಂದೆ. ಕುರ್ಚಿ ಎತ್ತಿಕೊಂಡು ಅದರ ಕೆಳಗೇ ಹೋದೆ. ಅದು ಆ ಕಡೆ ಹೋಯಿತು, ನಾನೂ ಆ ಕಡೆ ಓಡಿದೆ. ಈ ಕಡೆ ಬಂತು, ನಾನೂ ಬಂದೆ. ನಾಯಿ ಅಡ್ಡಾಡಿಸಲು ಬಂದಿದ್ದವರೆಲ್ಲ ನಿಂತು ನೋಡಿದರು. ಕೆಲಸವಾಗಲಿಲ್ಲ.

ಕೆಳಗಿಳಿಸಿದ ಮೇಲೆ ಆ ಪುಣ್ಯಾತ್ಮ ಇನ್ನೂ ರೆಕ್ಕೆ ತಿರುಗುತ್ತಿರುವಾಗಲೇ ಹಬ್‌ಗೆ ಕೈ ಹಾಕಲು ಹೋದ. “ಏಯ್! ಕೈ ತೆಗಿಯೋ! ಬೆರಳು ಕಳ್ಕೋತೀಯಾ, ತಲೆ ನೆಟ್ಟಗಿದೆಯಾ ನಿನಗೆ?” ಅಂತ ಕಿರುಚಿದೆ. ಕೈ ತೆಗೆದ. ನಾನು ಕುರ್ಚಿಯಲ್ಲಿ ಧೊಪ್ಪನೆ ಕೂತೆ, ಅದು ಇದ್ದದ್ದು ಒಳ್ಳೆಯದಾಯಿತು.

ಅಲ್ಲೇ ಹುಲ್ಲಿನ ಮೇಲೆ ಕೂತ. ನಾನೇ ಕೇಳಿದೆ, ಇದೇ ಯಾಕೆ, ಬೇರೆ ಕೆಲಸ ಇರಲಿಲ್ಲವೇ ಅಂತ. ಅವನ ಅಪ್ಪನ ಬಟ್ಟೆ ಅಂಗಡಿಗೆ ಬೆಂಕಿ ಬಿದ್ದಿತ್ತಂತೆ. ಇವನಿಗೆ ಹತ್ತೋ ಹನ್ನೊಂದೋ ವರ್ಷ. ಅಗ್ನಿಶಾಮಕದವರು ಬೇಗನೇ ಬಂದರಂತೆ. ಹೊಗೆ ಮುಂದಿನಿಂದ ಬರುತ್ತಿತ್ತು, ಮುಂದಕ್ಕೇ ನೀರು ಹಾಕಿದರು. ಬೆಂಕಿ ಇದ್ದದ್ದು ಹಿಂದಿನ ಅಟ್ಟದಲ್ಲಿ. ಗೊತ್ತಾಗುವ ಹೊತ್ತಿಗೆ ಮಾಡು ಕುಸಿದಿತ್ತು. “ಅವ್ರ ತಪ್ಪೇನಿಲ್ಲ ಅತ್ತೆ. ಮೇಲಿಂದ ನೋಡೋಕೆ ಅವ್ರಿಗೆ ಕಣ್ಣಿರ್ಲಿಲ್ಲ,” ಅಂದ. “ಅಪ್ಪ ಆಮೇಲೆ ಬೇರೆಯವ್ರ ಅಂಗಡೀಲಿ ಬಟ್ಟೆ ಮಡಚೋಕೆ ಹೋದ್ರು.”

ಮದುವೆಯಾಗಿ ನಾಲ್ಕು ವರ್ಷವಾಯಿತು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮಾರ್ಚ್ ೨೧, ಶುಕ್ರವಾರ

ಹುಡುಗ ಸರಿಯಾಗಿ ಊಟ ಮಾಡಲಿಲ್ಲ. ನಾನೂ.

ಮಾರ್ಚ್ ೨೨, ಶನಿವಾರ

ಬೆಳಿಗ್ಗೆ ಡ್ರೋನು ಒರೆಸುವಾಗ ನೋಡಿದೆ. ನನ್ನ ದೀಪದ ಕ್ಲಿಪ್ಪು ಕಚ್ಚಿ ಕಚ್ಚಿ ಕಿತ್ತಳೆ ಬಣ್ಣ ಒಂದು ಕಡೆ ಎದ್ದುಹೋಗಿದೆ, ಒಳಗಿನ ಬೆಳ್ಳಗಿನ ಲೋಹ ಕಾಣುತ್ತಿದೆ. ಅಯ್ಯೋ ಅನ್ನಿಸಿತು. ಠಾಣೆಯವರ ಕಣ್ಣಿಗೆ ಮೊದಲು ಬೀಳುವುದೇ ಇದು. ಇನ್ನಷ್ಟು ಗೀಚು ಬೀಳದಿರಲಿ ಅಂತ, ದೀಪ ಕಚ್ಚಿಸುವಾಗ ಹಳೇ ಬಟ್ಟೆಯ ತುಂಡೊಂದನ್ನು ಮಡಚಿ ಕ್ಲಿಪ್ಪಿನ ಹಲ್ಲಿಗೂ ತಟ್ಟೆಗೂ ನಡುವೆ ಇಟ್ಟೆ. ದಿಂಬಿನ ಮೇಲೆ ಕೂತೆ. ಅವನು ಮೋಟರ್ ಓಡಿಸಿದ.

ಚಿತ್ರ ಮಾಯ.

ನಾನು ಅಲ್ಲೇ ಇದ್ದೇನೆ! ಪೂರ್ತಿ ಇದ್ದೇನೆ! ಚಪ್ಪಲಿ, ಶಾಲು, ಕನ್ನಡಕ, ಎಲ್ಲ ಸಮೇತ!

ಹುಡುಗ ತಲೆ ಮೇಲೆ ಕೈ ಹೊತ್ತು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ನನಗೆ ಮಾತ್ರ ತಲೆಯಲ್ಲಿ ಹುಳ ಹೊಕ್ಕಿತು. ಇಷ್ಟು ದಿನಕ್ಕೂ ಇವತ್ತಿಗೂ ಬದಲಾದದ್ದೇನು? ಬಟ್ಟೆಯ ತುಂಡು. ಅವನು ಒಳಗೆ ಬಂದ ಮೇಲೆ, “ಇನ್ನೊಂದು ಸಲ ಓಡಿಸು,” ಅಂದೆ. ಅವನು ಬೆನ್ನು ತಿರುಗಿಸಿದಾಗ ಬಟ್ಟೆ ಎಳೆದುಕೊಂಡೆ.

ಕಲ್ಲಿನ ಹಾಗೆ ನಿಂತಿತು.

“ಬಂತು ಅತ್ತೆ! ನೀವು ಆಗ ಬೇರೆ ಏನೋ ಯೋಚಿಸ್ತಿದ್ರೇನೋ!” ಅಂತ ಕುಣಿದ.

ಬಟ್ಟೆ ನನ್ನ ಮುಷ್ಟಿಯಲ್ಲಿತ್ತು. ಹಾಗಾದರೆ ನಾನಲ್ಲ. ದೀಪ. ಅದೂ ದೀಪದ ಬೆಳಕಲ್ಲ, ಕ್ಲಿಪ್ಪಿನ ಹಲ್ಲು. ಹೇಗೆ, ಯಾಕೆ, ನನಗೆ ಗೊತ್ತಿಲ್ಲ. ಹೇಳಿದರೆ ಅವನಿಗೆ ಗೊತ್ತಾಗುತ್ತದೆ.

ಹೇಳಲಿಲ್ಲ.

ಮಾರ್ಚ್ ೨೩, ಭಾನುವಾರ

ಯೋಚನೆ ಮಾಡಿದೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಇಪ್ಪತ್ತೆಂಟಕ್ಕೆ ಕ್ಯಾಮೆರಾ ಕುರುಡಾಗುತ್ತದೆ. ಒಂದನೇ ತಾರೀಕು ಲಿಫ್ಟ್ ಕಂಪನಿ. ತಿಂಗಳ ಸಂಬಳ, ಗುಡಿಸಿದ ಮನೆ, ನಿಶ್ಶಬ್ದ. ನಾಲ್ಕು ವರ್ಷದಿಂದ ನಾನು ಬೇಡಿಕೊಂಡದ್ದು ಇದನ್ನೇ. ಯಾರಿಗೂ ನಾನು ಸುಳ್ಳು ಹೇಳಬೇಕಾಗಿಲ್ಲ. ಒಂದು ತುಂಡು ಬಟ್ಟೆಯ ವಿಷಯ, ಅಷ್ಟೇ.

ಇನ್ನೊಂದೂ ಇದೆ, ಬರೆಯಲು ನಾಚಿಕೆ. ಹೇಳಿಬಿಟ್ಟರೆ ಆ ಕುರ್ಚಿ ಹೋಗುತ್ತದೆ. ಲೈಬ್ರರಿಯ ಬಾಗಿಲು ದಾಟಿದ ಮೇಲೆ ‘ನೀವಿಲ್ಲದೆ ಆಗೋಲ್ಲ’ ಅಂತ ಯಾರಾದರೂ ಅಂದದ್ದು ಇದೇ ಮೊದಲು. ದೀಪಕ್ಕೆ ಅಂದದ್ದು ಅಂತ ಈಗ ಗೊತ್ತಾಯಿತು.

ಮಧ್ಯಾಹ್ನ ಅವನು ಬಂದು, “ಅತ್ತೆ, ಇನ್ನು ಐದು ದಿನ. ಆಗ್ಲಿಲ್ಲ ಅಂದ್ರೆ ನಿಮ್ಮ ತಮ್ಮನವರಿಗೆ ನಾನೇ ಫೋನ್ ಮಾಡ್ತೀನಿ, ನಿಮಗೆ ಮುಜುಗರ ಬೇಡ. ಕೊಟ್ಟ ಮಾತು ಮಾತೇ,” ಅಂದ. ನಗುತ್ತ ಅಂದ. ಆ ನಗು ನೋಡಲಾಗಲಿಲ್ಲ ನನಗೆ.

“ಬಾ ಇಲ್ಲಿ,” ಅಂದೆ. ಕೈ ಹಿಡಿದು ಎಳೆದುಕೊಂಡು ಹೋಗಿ ದೀಪ ಕಚ್ಚಿಸಿದೆ. “ಓಡಿಸು.” ಚಿತ್ರ ನಿಂತಿತು. ಬಟ್ಟೆ ಇಟ್ಟೆ. “ಓಡಿಸು.” ಮಾಯ. ಬಟ್ಟೆ ತೆಗೆದು, ದೀಪ ಹಾಗೇ ಬಿಟ್ಟು ಅಡುಗೆಮನೆಗೆ ಹೋಗಿ ಅಲ್ಲಿಂದ ಕೂಗಿದೆ, “ಓಡಿಸು!”

ಸದ್ದು ಜೋರಾಯಿತು, ಇನ್ನೂ ಜೋರಾಯಿತು. ಆಮೇಲೆ ಒಂದೇ ಸಲ ನಿಂತಿತು. ಕೋಣೆಯಿಂದ ಅವನ ಧ್ವನಿ: “ಅತ್ತೇ! ಬಣ್ಣ! ಬಣ್ಣ ಅತ್ತೆ!”

ಹುಚ್ಚು ಹಿಡಿಯಿತು ಅಂದುಕೊಂಡೆ. ಹಿಡಿದಿರಲಿಲ್ಲ. ಬ್ಯಾಟರಿಯ ವಾಪಸ್ ತಂತಿಯನ್ನು ಬಣ್ಣ ಬಳಿಯುವ ಮೊದಲೇ ಆ ತಟ್ಟೆಗೆ ಕೂರಿಸಿದ್ದ. ಹಬ್‌ನ ವಾಪಸ್ ತಂತಿಯನ್ನೂ ಅದೇ ತಟ್ಟೆಗೆ ಕೂರಿಸಿದ, ಆದರೆ ಬಣ್ಣದ ಮೇಲೆ. ತೂಕ ಉಳಿಸಲು ಪ್ಲಾಸ್ಟಿಕ್ ಸ್ಕ್ರೂ ಬೇರೆ. ಬಣ್ಣ ಕರೆಂಟನ್ನು ಬಿಡುವುದಿಲ್ಲ. ವಾಪಸ್ ಕೌಂಟರು ಮುಚ್ಚಿತ್ತು! ಕರೆಂಟೆಲ್ಲ ಕಂಪ್ಯೂಟರಿಗೆ ಹೋಗುವ ಕೂದಲೆಳೆಯಂಥ ಯುಎಸ್‌ಬಿ ತಂತಿಯಿಂದ ನುಗ್ಗುತ್ತಿತ್ತು. ಮೀಟರ್ ಬೀಪ್ ಅಂದದ್ದೂ ಆ ಕಿಟಕಿಯ ದಾರಿ ನೋಡಿಯೇ. ನನ್ನ ದೀಪದ ವೈರು ಹಬ್‌ನಲ್ಲಿ, ಮೈಯೆಲ್ಲ ಲೋಹ, ಕ್ಲಿಪ್ಪಿನ ಹಲ್ಲು ಬಣ್ಣ ಹರಿದು ತಟ್ಟೆಗೆ ಕಚ್ಚಿತ್ತು. ದೀಪದ ಕತ್ತಿನ ಮೂಲಕ ಕರೆಂಟು ಆರಾಮವಾಗಿ ಮನೆಗೆ ಹೋಗುತ್ತಿತ್ತು.

“ದೀಪ ಭಾರ ಅಂದ್ಕೊಂಡು ಅದರ ಮೇಲೆ ಅನುಮಾನನೇ ಪಡ್ಲಿಲ್ಲ ನಾನು!” ಅಂತ ತಲೆ ಚಚ್ಚಿಕೊಂಡ. ಆಮೇಲೆ ಮೆಲ್ಲಗೆ, “ಬಣ್ಣ ಬಳಿ ಅಂದಿದ್ದು...” ಅಂತ ಶುರು ಮಾಡಿದ.

“ಬಳಿ ಅಂದೆ. ಸ್ಕ್ರೂ ಕೆಳಗೂ ಬಳಿ ಅಂದೆನಾ?” ಅಂದೆ.

ಮಾರ್ಚ್ ೨೪, ಸೋಮವಾರ

ಸ್ಕ್ರೂ ಕೆಳಗಿನ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದ. ಹಬ್‌ನ ತಂತಿಯನ್ನು ಬೆಳ್ಳಗಿನ ಲೋಹದ ಮೇಲೆ ಕೂರಿಸಿ, ಲೋಹದ ಸ್ಕ್ರೂ ಹಾಕಿ ಬಿಗಿದ. ಬಯಲಿಗೆ ಹೋಗಿ ಹಾರಿಸಿದ. ನಾನು ಹೋಗಲಿಲ್ಲ, ಅವನು ಕರೆಯಲೂ ಇಲ್ಲ. ವಾಪಸ್ ಬಂದು, “ಒಂದು ಸಲವೂ ಹೋಗ್ಲಿಲ್ಲ ಅತ್ತೆ!” ಅಂದ.

ಒಳ್ಳೆಯದು. ನನ್ನ ದೀಪ ನನ್ನ ಹತ್ತಿರ ಇದೆ. ಇವತ್ತು ಬೇಗ ಮಲಗುತ್ತೇನೆ, ಮಾಡುವುದಕ್ಕೇನಿದೆ.

ಮಾರ್ಚ್ ೨೭, ಗುರುವಾರ

ನನ್ನ ಬಟ್ಟೆಬರೆ ಮಡಚಿ ಪೆಟ್ಟಿಗೆಗೆ ಇಟ್ಟಿದ್ದೇನೆ. ಮಗಳು ಬಂದ ಮರುದಿನಕ್ಕೇ ನನ್ನ ಟಿಕೆಟ್ಟು. ಕೋಣೆಯಲ್ಲಿ ಕುರ್ಚಿಯೂ ದಿಂಬೂ ಹಾಗೇ ಇವೆ. ಎತ್ತಿಡಬಾರದೇ? ಯಾವುದೂ ಜ್ಞಾಪಕ ಇರುವುದಿಲ್ಲ ಇವನಿಗೆ.

ಮಾರ್ಚ್ ೨೮, ಶುಕ್ರವಾರ

ಠಾಣೆಯ ಅಂಗಳದ ಕೊನೆಯಲ್ಲಿ ತಗಡಿನ ಮಾಡಿನ ಮೂರು ಕೋಣೆ. ಒಂದರೊಳಗೆ ಮಾತ್ರ ಹುಲ್ಲಿಗೆ ಬೆಂಕಿ ಹಚ್ಚಿ ಬಾಗಿಲು ಹಾಕಿದ್ದರು. ಯಾವುದರಲ್ಲಿ ಅಂತ ಮೇಲಿನಿಂದ ನೋಡಿ ಹೇಳಬೇಕು. ಠಾಣಾಧಿಕಾರಿ ‘ಹೂಂ’ ಬಿಟ್ಟರೆ ಬೇರೆ ಮಾತು ಖರ್ಚು ಮಾಡುವವರಲ್ಲ. ನಾನು ದೂರದಲ್ಲಿ ಮರದ ಕೆಳಗೆ ನಿಂತಿದ್ದೆ.

ಎಲ್ಲ ಸಿದ್ಧವಾಯಿತು. ಹುಡುಗ ಮಾತ್ರ ರಿಮೋಟ್ ಹಿಡಿದು ಅತ್ತ ಇತ್ತ ನೋಡುತ್ತಿದ್ದ. “ಅತ್ತೆ ಎಲ್ಲಿ?”

ಮನೆಯ ಕುರ್ಚಿಯನ್ನೂ ದಿಂಬನ್ನೂ ತಂದಿದ್ದ! ಗಾಡಿಯಿಂದ ಇಳಿಸಿ ತನ್ನ ಪಕ್ಕದಲ್ಲಿ ಇಟ್ಟ. “ಬನ್ನಿ, ಕೂತ್ಕೊಳ್ಳಿ.”

“ಬಣ್ಣ ಕೆರೆದಾಯ್ತಲ್ಲೋ. ಈಗ ನಾನ್ಯಾಕೆ?” ಅಂತ ಪಿಸುಗುಟ್ಟಿದೆ.

“ಕ್ಯಾಮೆರಾಗೆ ಬೇಡ. ನನ್ನ ಕೈ ನೋಡಿ,” ಅಂದ. ಗಡಗಡ ನಡುಗುತ್ತಿತ್ತು. ನನ್ನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

“ಇವರು?” ಅಂದರು ಅಧಿಕಾರಿ.

“ಇವರು ಕೂತ್ರೆ ಕೆಲಸ ಆಗುತ್ತೆ ಸರ್.”

“ಹೂಂ.”

ಕೂತೆ. ಜೀರುಂಡೆ ಎದ್ದಿತು. ಮೋಟರ್ ಜೋರಾಯಿತು. ಪರದೆ ನೋಡಿದೆ. ಚಿತ್ರ ಕದಲಲಿಲ್ಲ. ನಡುವಿನ ಕೋಣೆಯ ಮೇಲೆ ದುಂಡಗೆ ಕೆಂಪು ಮೂಡಿತು.

“ನಡುವಿನದು ಸರ್,” ಅಂದ.

“ಹೂಂ. ಅದೇನು?” ಅಧಿಕಾರಿ ಪರದೆಯ ಮೂಲೆಗೆ ಬೆರಳಿಟ್ಟರು. ಅಲ್ಲಿ ಇನ್ನೊಂದು ಕೆಂಪು. ಹುಲ್ಲಿನ ಬೆಂಕಿಗಿಂತ ದೊಡ್ಡದು. ಹುಡುಗ ಜೀರುಂಡೆಯನ್ನು ಆ ಕಡೆ ತಿರುಗಿಸಿದ. ಅದು ಠಾಣೆಯದೇ ಅಡುಗೆಮನೆ!

ಆಮೇಲೆ ನಡೆದದ್ದನ್ನು ನೋಡಬೇಕಿತ್ತು. ಬೂಟು, ಟೋಪಿ, ಪೈಪು, ಅಷ್ಟೂ ಜನ ತಮ್ಮ ಅಡುಗೆಮನೆಗೇ ನುಗ್ಗಿದರು. ಒಲೆಯ ಮೇಲೆ ಹಾಲಿನ ಪಾತ್ರೆ ಸೀದು ಕರಿಕಾಗಿ, ಪಕ್ಕದಲ್ಲಿ ತೂಗುಹಾಕಿದ್ದ ಮಸಿಬಟ್ಟೆಗೆ ಆಗಷ್ಟೇ ಬೆಂಕಿ ಹತ್ತಿತ್ತು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಪಕ್ಕದ ಗ್ಯಾಸಿನ ಸಿಲಿಂಡರು.

“ಯಾರ್ರೀ ಹಾಲಿಟ್ಟು ಮರೆತಿದ್ದು?” ಅಂತ ಅಧಿಕಾರಿ ಗುಡುಗಿದರು. ನಾನು ಅಭ್ಯಾಸಬಲದಿಂದ ನಮ್ಮ ಹುಡುಗನ ಮುಖ ನೋಡಿದೆ.

“ನಾನಲ್ಲ ಅತ್ತೆ,” ಅಂದ.

ಅಧಿಕಾರಿ ವಾಪಸ್ ಬಂದು ಪರದೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹುಡುಗನ ಬೆನ್ನು ತಟ್ಟಿ, “ಇದು ಇಲ್ಲೇ ಇರ್ಲಿ. ಪಕ್ಕದ ಠಾಣೆಗೂ ಒಂದು ಬೇಕು. ಬಣ್ಣ ಚೆನ್ನಾಗಿದೆ,” ಅಂದರು.

ಮನೆ ಹತ್ತಿರ ಬಂದಾಗ ಅವನು ಕಣ್ಣೊರೆಸಿಕೊಂಡ. ನನಗೂ ಅಳು ಬಂತು. ಗಾಳಿಗೆ ಧೂಳು ಜಾಸ್ತಿ ಇತ್ತು ಅಂತ ಇಬ್ಬರೂ ಒಪ್ಪಿಕೊಂಡೆವು.

ಮಾರ್ಚ್ ೩೧, ಸೋಮವಾರ

ಇದನ್ನು ಅಡುಗೆಮನೆಯ ಮಂಕು ಬೆಳಕಿನಲ್ಲಿ ಬರೆಯುತ್ತಿದ್ದೇನೆ. ದೀಪ ಕೋಣೆಯಲ್ಲಿದೆ. ಎರಡನೇ ಜೀರುಂಡೆಯ ತಂತಿ ಜೋಡಿಸಲು ಅವನಿಗೆ ಬೆಳಕು ಸಾಲದು, ಕಣ್ಣು ಹಾಳುಮಾಡಿಕೊಳ್ಳುತ್ತಾನೆ.

ಮಗಳು ಬೆಳಿಗ್ಗೆ ಬಂದಳು. ಮನೆಯೆಲ್ಲ ನೋಡಿದಳು. ಕೋಣೆಯಲ್ಲಿ ನನ್ನ ಕುರ್ಚಿ, ದಿಂಬು, ಮೇಜಿನ ಮೇಲೆ ನನ್ನ ದೀಪ. “ಅಮ್ಮಾ, ನಾಳೆ ನಿನ್ನ ಟಿಕೆಟ್ ಅಲ್ವಾ?” ಅಂತ ಕೇಳಿದಳು.

“ಎರಡನೇದಕ್ಕೆ ಬಣ್ಣ ಬಳಿಯೋ ಮುಂಚೆ ಯಾರಾದ್ರೂ ಹಿರಿಯರು ನೋಡ್ಕೋಬೇಕು. ಅದು ಮುಗೀಲಿ,” ಅಂದೆ.

ಅವಳು ಗಂಡನ ಕಡೆ ನೋಡಿದಳು. ಅವನು ಸ್ಕ್ರೂ ಹುಡುಕುತ್ತ ಮೇಜಿನ ಕೆಳಗೆ ಹೋದ.

ಸಂಜೆ ತಮ್ಮನ ಫೋನು. ಕೋಣೆಯಲ್ಲಿ ಮೋಟರ್ ಓಡುತ್ತಿತ್ತು. “ಏನಕ್ಕಾ, ನಾಳೆ ಒಂದನೇ ತಾರೀಕು! ಕುರ್ಚಿ ರೆಡಿ ಇದೆ. ಕಳಿಸ್ತೀಯಾ ಇಲ್ವಾ?”

“ಅದನ್ನ ಬೇರೆ ಯಾರಿಗಾದ್ರೂ ಕೊಡೋ. ನಮ್ಮ ಹುಡುಗನಿಗೆ ಪುರುಸೊತ್ತಿಲ್ಲ.”

“ಪುರುಸೊತ್ತಿಲ್ವಾ? ನೀನೇ ಅಲ್ವಾ ಆ ಗುಜರಿ ಬಿಡಿಸಿ ಒಂದು ದಾರಿಗೆ ಹಚ್ಚು ಅಂತ ನನ್ನ ಪ್ರಾಣ ತಿಂದಿದ್ದು? ಅದೇನಕ್ಕಾ ಆ ದರಿದ್ರ ಸದ್ದು, ಕಿವಿ ತೂತು ಬೀಳುತ್ತೆ! ಮೊದ್ಲು ಅದನ್ನ ನಿಲ್ಸೋಕೆ ಹೇಳು—”

“ಶ್!” ಅಂದೆ. “ಒಳಗೆ ಕೆಲಸ ನಡೀತಿದೆ.”

ಫೋನ್ ಇಟ್ಟೆ. ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಿ ನನ್ನ ಕುರ್ಚಿಯಲ್ಲಿ ಕೂತೆ.